ಕಿವಿ ಮೇಸ್ತ್ರಿಗೆ ಕೇಳಿಸದ ಸದ್ದು

ಊರಿನವರು ಅವನನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಅವನ ಕಿವಿಗಳು ದೊಡ್ಡವೇನಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ಕಾರಿನ ಒಡೆಯರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಅರ್ಧ ನಿಮಿಷಕ್ಕೆ ಕಣ್ಣು ತೆರೆದು ಕಾಯಿಲೆಯ ಹೆಸರು ಹೇಳುತ್ತಿದ್ದ. ನೂರಕ್ಕೆ ತೊಂಬತ್ತು ಸಲ ಅದು ಸರಿಯಾಗಿಯೇ ಇರುತ್ತಿತ್ತು. ಉಳಿದ ಹತ್ತನ್ನು ಊರು ಮರೆತಿತ್ತು. ಊರಿಗಿಂತ ಮೊದಲೇ ಮೇಸ್ತ್ರಿ ಮರೆತಿದ್ದ. ಹಳೇ ಕಾರು ಕೊಳ್ಳುವವರೂ ಅವನನ್ನೇ ಕರೆದುಕೊಂಡು ಹೋಗುತ್ತಿದ್ದರು. ಬಣ್ಣ, ಸೀಟಿನ ಹೊದಿಕೆ, ಮೀಟರಿನಲ್ಲಿ ಎಷ್ಟು ಓಡಿದೆ ಎಂಬ ಲೆಕ್ಕ ಇವೆಲ್ಲ ಸುಳ್ಳು ಹೇಳಬಹುದು, ಸದ್ದು ಮಾತ್ರ ಹೇಳುವುದಿಲ್ಲ ಎಂಬುದು ಅವನ ನಂಬಿಕೆ.

ಇಂಥವನ ಗ್ಯಾರೇಜಿಗೆ ಕನ್ನಡಕದಂಗಡಿಯ ಅಮ್ಮ ಒಂದೇ ತಿಂಗಳಲ್ಲಿ ಮೂರು ಸಲ ಬಂದರು.

ಆಕೆಗೆ ಅರವತ್ತೆರಡು. ಅಂಗಡಿಗೂ ಮನೆಗೂ ನಡುವಿನ ಒಂಬತ್ತು ಕಿಲೋಮೀಟರನ್ನು ದಿನಾ ತಾವೇ ಕಾರು ಓಡಿಸಿಕೊಂಡು ಹೋಗಿ ಬರುವವರು. ಮನೆಯಲ್ಲಿ ಅವರು ಮತ್ತು ಮಗಳು, ಇಬ್ಬರೇ. ಮೇಸ್ತ್ರಿಯ ಮೂಗಿನ ಮೇಲಿದ್ದ ಕನ್ನಡಕವೂ ಅವರು ಮಾಡಿಕೊಟ್ಟದ್ದೇ. ಎರಡು ವರ್ಷದ ಹಿಂದೆ ಅವನಿಗೆ ಸಣ್ಣ ಬೋಲ್ಟುಗಳ ತಿರುಪಿನ ಗೆರೆಗಳು ಎರಡೆರಡಾಗಿ ಕಾಣತೊಡಗಿದ್ದವು. ಎರಡು ಅಂಗಡಿಯವರು ನಂಬರ್ ಸರಿಯಾಗಿದೆ, ಕ್ರಮೇಣ ಒಗ್ಗಿಕೊಳ್ಳುತ್ತೆ ಎಂದು ಸಾಗಹಾಕಿದ್ದರು. ಈ ಅಮ್ಮ ಮಾತ್ರ ಒಂದು ಗಂಟೆ ಕೂರಿಸಿ, ಗಾಜಿನ ಮೇಲೆ ಗಾಜು ಬದಲಿಸುತ್ತ, ಇದಾ ಅದಾ, ಈಗ ಹೇಗೆ ಎಂದು ಕೇಳುತ್ತಲೇ ಇದ್ದರು. ಕೊನೆಗೆ ಸಾಕಾಗಿ ಅವನು ಹ್ಞೂಂ ಚೆನ್ನಾಗಿ ಕಾಣುತ್ತೆ ಎಂದುಬಿಟ್ಟಾಗ ಆಕೆಗೆ ಗೊತ್ತಾಗಿಹೋಗಿತ್ತು.

"ಕಾಣದಿದ್ರೆ ಕಾಣ್ತು ಅನ್ಬೇಡಿ ಮೇಸ್ತ್ರಿ. ಕಣ್ಣು ನಿಮ್ಮದು. ನಿಮಗೆ ಏನು ಕಾಣುತ್ತೆ ಅಂತ ನಾನು ನಿಮ್ಮನ್ನ ಕೇಳಿಯೇ ತಿಳ್ಕೋಬೇಕು, ಬೇರೆ ದಾರಿ ಇಲ್ಲ."

ಆಮೇಲೆ ಗೊತ್ತಾಯಿತು, ತಪ್ಪು ನಂಬರಿನದಲ್ಲ, ಫ್ರೇಮು ಅವನ ಸೊಟ್ಟ ಮೂಗಿನ ಮೇಲೆ ಒಂದು ಎಳೆಯಷ್ಟು ವಾಲುತ್ತಿತ್ತು. ಅದನ್ನು ಬಗ್ಗಿಸಿ ಕೂರಿಸಿದ ಮೇಲೆ ಬೋಲ್ಟುಗಳು ಒಂದೊಂದೇ ಆದವು.

ಈಗ ಆಕೆಯ ದೂರು ಒಂದು ಸದ್ದಿನದು. ಟಕ್ ಟಕ್ ಅಲ್ಲ, ಟಕಟಕ, ಯಾರೋ ಬೆರಳ ಗೆಣ್ಣಿನಿಂದ ಮೇಜು ತಟ್ಟಿದ ಹಾಗೆ. ನೀರಿನ ಟ್ಯಾಂಕಿನ ಹಿಂದಿನ ಕಾಂಕ್ರೀಟು ರಸ್ತೆಯಲ್ಲಿ, ವೇಗ ನಲವತ್ತು ದಾಟಿದ ಮೇಲೆ. ಮೊದಲ ಸಲ ಆಕೆ ಓಡಿಸಿದರು, ಮೇಸ್ತ್ರಿ ಪಕ್ಕದಲ್ಲಿ ಕೂತ. ಸದ್ದಿಲ್ಲ. ಎರಡನೇ ಸಲ ಅವನು ಓಡಿಸಿದ, ಸದ್ದು ಬಂದ ಕೂಡಲೇ ಹೇಳಲೆಂದು ಆಕೆ ಪಕ್ಕದಲ್ಲಿ ಕೂತರು. ಸದ್ದಿಲ್ಲ. ಮೂರನೇ ಸಲ ಕಾರನ್ನು ಮೇಲೆತ್ತಿ ಶಾಕ್ ಅಬ್ಸಾರ್ಬರ್, ಸೈಲೆನ್ಸರಿನ ಕ್ಲಾಂಪು, ಸ್ಟೆಪ್ನಿ, ಜಾಕು ಎಲ್ಲವನ್ನೂ ಅಲ್ಲಾಡಿಸಿ ನೋಡಿ, ಮತ್ತೆ ಇಬ್ಬರೂ ಒಂದು ಸುತ್ತು ಹೋಗಿ ಬಂದರು. ಏನೂ ಇಲ್ಲ. ಕಾರಿಗೆ ನನ್ನ ಕಂಡ್ರೆ ಭಯ ಅಂತ ಕಾಣುತ್ತೆ ಎಂದು ಅವನು ನಗೆಯಾಡಿದ. ಆಕೆ ನಗಲಿಲ್ಲ.

ಹೊರಡುವ ಮುಂಚೆ ಗ್ಯಾರೇಜಿನ ಬಾಗಿಲ ಬಳಿಯ ನಲ್ಲಿಯಲ್ಲಿ ಕೈ ತೊಳೆದರು. ನಲ್ಲಿ ಮುಚ್ಚಿ ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದರು. ನಲ್ಲಿಯ ಬಾಯಿ ಕೆಳಗೆ ಅಂಗೈ ಒಡ್ಡಿ, ಅಂಗೈಯನ್ನೇ ದಿಟ್ಟಿಸಿ, ಮತ್ತೆ ಹೊರಟರು. ವಯಸ್ಸಾದ ಮೇಲೆ ಎಲ್ಲರಿಗೂ ಒಂದೊಂದು ಗೀಳು ಎಂದುಕೊಂಡು ಮೇಸ್ತ್ರಿ ಒಳಗೊಳಗೇ ನಕ್ಕ.

ಅವತ್ತೇ ಸಂಜೆ ಮಗಳ ಫೋನು ಬಂತು. ನಿಜವಾಗಿಯೂ ಸದ್ದಿದೆಯಾ ಎಂದು ಕೇಳಿದಳು. ಮೂರು ಸಲ ಸೋತಿದ್ದ ಮೇಸ್ತ್ರಿಗೆ ಮೊದಲೇ ಮೈ ಉರಿಯುತ್ತಿತ್ತು. ಸೋತೆ ಎನ್ನಲು ಮನಸ್ಸು ಬರಲಿಲ್ಲ.

"ಕಾರು ಗುಂಡುಕಲ್ಲಿನ ಹಾಗಿದೆ ಮೇಡಂ. ಸದ್ದು ಕಾರಲ್ಲಿಲ್ಲ, ಅಮ್ಮಾವ್ರ ಕಿವಿಯಲ್ಲಿದೆ."

ಅವಳು ನಗುತ್ತಾಳೆ ಎಂದುಕೊಂಡಿದ್ದ. ಅವಳು ಸರಿ ಎಂದಷ್ಟೇ ಹೇಳಿ ಫೋನು ಇಟ್ಟುಬಿಟ್ಟಳು.

ಎರಡು ವಾರ ಕಳೆದು ಮಗಳೇ ಗ್ಯಾರೇಜಿಗೆ ಬಂದಳು. ಸ್ಟೂಲು ಎಳೆದುಕೊಟ್ಟರೂ ಕೂರಲಿಲ್ಲ. ಕೈಚೀಲದಿಂದ ಕಾರಿನ ಕೀ ತೆಗೆದು ಟೂಲ್ ಬಾಕ್ಸಿನ ಮೇಲಿಟ್ಟು, ಕಾರು ಮಾರಬೇಕು, ಒಳ್ಳೆ ಗಿರಾಕಿ ನೋಡಿ ಎಂದಳು. ಕಾರಣವನ್ನೂ ನಿಂತುಕೊಂಡೇ ಹೇಳಿದಳು. ಅವಳ ದೊಡ್ಡಮ್ಮನಿಗೂ, ಅಂದರೆ ಅಮ್ಮನ ಅಕ್ಕನಿಗೂ, ಹೀಗೇ ಶುರುವಾಗಿತ್ತಂತೆ. ಅಡುಗೆಮನೆಯ ನಲ್ಲಿ ಸೋರುತ್ತಿದೆ, ಯಾರಿಗೂ ಕೇಳಿಸುತ್ತಿಲ್ಲವೇ ಎನ್ನುತ್ತಿದ್ದರಂತೆ. ಒಂದು ವರ್ಷದಲ್ಲಿ ದಾರಿ ಮರೆತರು, ಎರಡನೇ ವರ್ಷ ಮಕ್ಕಳ ಗುರುತು ಮರೆತರು. ಅಮ್ಮನನ್ನು ಮುಂದಿನ ತಿಂಗಳು ಡಾಕ್ಟರಿಗೆ ತೋರಿಸುವುದಿದೆ, ಅಲ್ಲಿಯವರೆಗೂ ರಸ್ತೆಗೆ ಬಿಡಲು ಧೈರ್ಯವಿಲ್ಲ.

"ನನಗೂ ಅನುಮಾನ ಇತ್ತು ಅಣ್ಣ. ಕಾರಲ್ಲೇ ಏನೋ ಇರಬಹುದು ಅಂತ ಆಸೆ. ನೀವು ಕಡ್ಡಿ ಮುರಿದ ಹಾಗೆ ಹೇಳಿದ್ಮೇಲೆ ಇನ್ನೇನು ಉಳೀತು?"

ಅಮ್ಮ ಜಗಳ ಮಾಡಲಿಲ್ಲವಾ ಎಂದು ಮೇಸ್ತ್ರಿ ಕೇಳಿದ. ಇಲ್ಲವಂತೆ. ಕೀ ಕೇಳಿದ ಕೂಡಲೇ ಕೊಟ್ಟರಂತೆ. ಸದ್ದು ಈಗ ಬರುತ್ತಿಲ್ಲ ಎಂದೂ ಹೇಳಿದರಂತೆ. ಅಂಗಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದಾರಂತೆ.

ಮರುದಿನ ಬೆಳಿಗ್ಗೆ ಕಾರು ತರಲು ಮೇಸ್ತ್ರಿ ಅವರ ಮನೆಗೆ ಹೋದ. ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಕಾರಿನ ಗಾಜುಗಳನ್ನು ಯಾರೋ ತಿಕ್ಕಿ ತಿಕ್ಕಿ ಒರೆಸಿದ್ದರು. ಹಾಗೆ ಒರೆಸುವವರು ಆ ಮನೆಯಲ್ಲಿ ಒಬ್ಬರೇ. ನನ್ನ ಕೆಲಸ ನಾನು ಮಾಡಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡು ಹೊರಟ.

ಟ್ಯಾಂಕಿನ ಹಿಂದಿನ ರಸ್ತೆಗೆ ಬಂದು ನಾಲ್ಕನೇ ಗೇರಿಗೆ ಹಾಕಿದ. ಟಕಟಕ. ಟಕಟಕ.

ಮೇಸ್ತ್ರಿ ವೇಗ ಇಳಿಸಿದ, ಸದ್ದು ನಿಂತಿತು. ಏರಿಸಿದ, ಬಂತು. ಯಾರೋ ಬೆರಳ ಗೆಣ್ಣಿನಿಂದ ಮೇಜು ತಟ್ಟಿದ ಹಾಗೆ. ಆಕೆ ಹೇಳಿದ್ದು ಅಕ್ಷರಶಃ ಹಾಗೇ ಇತ್ತು. ರಸ್ತೆಯ ಕೊನೆಗೆ ಹೋಗಿ ತಿರುಗಿಸಿಕೊಂಡು ಬಂದ. ಈಗ ಮೈಯೆಲ್ಲ ಕಿವಿಯಾಗಿ ಎಡಗೈ ಚಾಚಿ ಡ್ಯಾಶ್‌ಬೋರ್ಡು ಒತ್ತಿದ, ನಿಲ್ಲಲಿಲ್ಲ. ಗೇರಿನ ಹಿಡಿ ಒತ್ತಿದ, ನಿಲ್ಲಲಿಲ್ಲ. ಪಕ್ಕದ ಖಾಲಿ ಸೀಟಿನ ಮೇಲೆ ಅಂಗೈ ಊರಿ ಭಾರ ಬಿಟ್ಟ. ಗಪ್‌ಚಿಪ್.

ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿ ಕೂತುಬಿಟ್ಟ. ಮೂರು ಸಲವೂ ಆ ಸೀಟಿನಲ್ಲಿ ಯಾರಾದರೊಬ್ಬರು ಕೂತಿದ್ದರು. ಒಂದೋ ಅವನು, ಇಲ್ಲವೇ ಆಕೆ. ಮಗಳು ಜೊತೆಗೆ ಬಂದಾಗಲೂ ಅಲ್ಲೇ ಕೂರುತ್ತಿದ್ದಳು. ಆಕೆ ಒಬ್ಬರೇ ಇದ್ದಾಗ ಮಾತ್ರ ಸೀಟು ಖಾಲಿ, ಸೀಟು ಖಾಲಿಯಿದ್ದಾಗ ಮಾತ್ರ ಸದ್ದು.

ಇಳಿದು ಮಂಡಿಯೂರಿ ಸೀಟಿನ ಕೆಳಗೆ ಕೈ ಹಾಕಿದ. ಸೀಟು ಹಿಂದೆ ಮುಂದೆ ಜಾರುವ ಹಳಿಯನ್ನು ನೆಲಕ್ಕೆ ಬಿಗಿಯುವ ನಾಲ್ಕು ಬೋಲ್ಟುಗಳಲ್ಲಿ ಮೂರು ಗಟ್ಟಿಯಾಗಿದ್ದವು. ಮುಂದಿನ ಮೂಲೆಯದು ಬೆರಳಿಗೇ ತಿರುಗಿತು. ಕೂತವರ ಭಾರಕ್ಕೆ ಹಳಿ ನೆಲಕ್ಕೆ ಒತ್ತಿಕೊಂಡು ಸುಮ್ಮನಿರುತ್ತಿತ್ತು. ಭಾರವಿಲ್ಲದಿದ್ದರೆ ಕಾಂಕ್ರೀಟಿನ ಒಂದೊಂದು ಜೋಡಣೆಗೂ ಕುಣಿಯುತ್ತಿತ್ತು.

ಆ ಬೋಲ್ಟಿನ ಮೇಲೆ ಬೆರಳಿಟ್ಟುಕೊಂಡೇ ಅವನಿಗೆ ಇನ್ನೊಂದು ನೆನಪಾಯಿತು, ನೆನಪಾಗದಿದ್ದರೆ ಚೆನ್ನಾಗಿತ್ತು. ಮೂರು ತಿಂಗಳ ಹಿಂದೆ ಎಸಿಯ ನೀರು ಒಳಗಿಳಿದು ಎಡಗಡೆಯ ಕಾರ್ಪೆಟ್ಟು ಒದ್ದೆಯಾಗಿ ಇದೇ ಕಾರು ಗ್ಯಾರೇಜಿಗೆ ಬಂದಿತ್ತು. ಸೀಟು ಬಿಚ್ಚಿ, ಕಾರ್ಪೆಟ್ಟು ಒಣಗಿಸಿ, ಮತ್ತೆ ಕೂರಿಸಿದವನು ಅವನೇ. ಮೂರು ಬೋಲ್ಟು ಬಿಗಿದು ನಾಲ್ಕನೆಯದನ್ನು ಕೈಯಲ್ಲಿ ತಿರುಗಿಸಿ ಬಿಟ್ಟಾಗ ಯಾರೋ ಕರೆದಿದ್ದರು. ಈ ಸದ್ದು ಯಾವಾಗಿನಿಂದ ಎಂದು ಅವನು ಆಕೆಯನ್ನು ಒಂದು ಸಲವೂ ಕೇಳಿರಲಿಲ್ಲ. ಆಕೆಯ ಅಂಗಡಿಯಲ್ಲಿ ಕುರ್ಚಿಗೆ ಕೂತ ಕೂಡಲೇ ಆಕೆ ಕೇಳುವ ಮೊದಲ ಪ್ರಶ್ನೆಯೇ ಅದು.

ಸ್ಪಾನರು ಜೇಬಿನಲ್ಲೇ ಇತ್ತು. ಎರಡು ಸುತ್ತು ಬಿಗಿದರೆ ಮುಗಿಯಿತು. ಕಾರು ಒಳ್ಳೆ ಗಿರಾಕಿಗೆ ಹೋಗುತ್ತದೆ, ಕಿವಿ ಮೇಸ್ತ್ರಿಯ ಹೆಸರಿಗೆ ಕುಂದಿಲ್ಲ, ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಸ್ಪಾನರನ್ನು ಬೋಲ್ಟಿನ ತಲೆಗೆ ಕೂರಿಸಿಯೂ ಕೂರಿಸಿದ. ಆದರೆ ಬಿಗಿದುಬಿಟ್ಟರೆ ಆ ಸದ್ದು ಇತ್ತು ಎನ್ನುವುದಕ್ಕೆ ಈ ಲೋಕದಲ್ಲಿ ಯಾವ ಸಾಕ್ಷಿಯೂ ಉಳಿಯುವುದಿಲ್ಲ. ಆಕೆ ಬದುಕಿರುವಷ್ಟು ದಿನವೂ ಅದು ತನ್ನ ತಲೆಯಲ್ಲೇ ಇತ್ತು ಎಂದುಕೊಂಡೇ ಇರುತ್ತಾರೆ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಸ್ಪಾನರನ್ನು ಜೇಬಿಗೆ ಹಾಕಿಕೊಂಡು, ಮಗಳಿಗೆ ಫೋನು ಮಾಡಿ ಈಗಲೇ ಅಂಗಡಿಗೆ ಬನ್ನಿ ಎಂದ.

ಕನ್ನಡಕದಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅಮ್ಮ ಗಾಜಿನ ಮೇಜಿನ ಹಿಂದೆ ಕೂತು ಒಂದು ಫ್ರೇಮಿನ ತಿರುಪು ಬಿಗಿಯುತ್ತಿದ್ದರು. ಮಗಳು ಓಡಿಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಕಾರಲ್ಲಿ ಸದ್ದಿದೆ, ನಾನು ಕೇಳಿದೆ ಎಂದು ಮೇಸ್ತ್ರಿ ಹೇಳಿದ.

ಅಮ್ಮ ತಲೆ ಎತ್ತಲಿಲ್ಲ. ಯಾವ ಸದ್ದು, ಅದೆಲ್ಲ ಈಗ ಬರುತ್ತಿಲ್ಲ, ಆವತ್ತೇ ಹೇಳಿದ್ದೀನಲ್ಲ ಎಂದರು. ಕೈಯಲ್ಲಿದ್ದ ತಿರುಪು ಜಾರಿ ಮೇಜಿನ ಮೇಲೆ ಉರುಳಿತು.

ಮೇಸ್ತ್ರಿ ಅದನ್ನು ಹುಡುಕಿ ಎತ್ತಿ ಅವರ ಮುಂದಿಟ್ಟ.

"ಕೇಳಿಸಿದ್ರೆ ಕೇಳಿಸಿಲ್ಲ ಅನ್ಬೇಡಿ ಅಮ್ಮ. ಕಿವಿ ನಿಮ್ಮದು."

ಆಕೆ ತಲೆ ಎತ್ತಿ ಅವನ ಮುಖ ನೋಡಿದರು. ಆಮೇಲೆ ಅಂಗಡಿಯ ಬಾಗಿಲೆಳೆದುಕೊಂಡು ಹೊರಗೆ ಬಂದರು.

ಕಾರು ಓಡಿಸುವವರು ಅಮ್ಮನೇ ಎಂದು ಮೇಸ್ತ್ರಿ ಹೇಳಿದ. ಮಗಳು ಅಭ್ಯಾಸಬಲದಿಂದ ಮುಂದಿನ ಬಾಗಿಲಿಗೆ ಕೈ ಹಾಕಿದಳು. ಅವನು ತಡೆದು ಹಿಂದೆ ಕೂರಿಸಿ ತಾನೂ ಅವಳ ಪಕ್ಕದಲ್ಲಿ ಕೂತ. ಮುಂದಿನ ಎಡಗಡೆ ಸೀಟು ಖಾಲಿ ಉಳಿಯಿತು. ಹದಿನೈದು ದಿನ ಬಿಟ್ಟಿದ್ದರೂ ಆಕೆಯ ಕೈ ತಪ್ಪಲಿಲ್ಲ.

ಟ್ಯಾಂಕು ಬಂತು. ನಾಲ್ಕನೇ ಗೇರು. ಟಕಟಕ.

ಮೇಸ್ತ್ರಿ ಕನ್ನಡಿಯಲ್ಲಿ ಆಕೆಯನ್ನು ನೋಡಿದ. ಆಕೆ ರಸ್ತೆಯನ್ನೇ ನೋಡುತ್ತಿದ್ದರು, ತುಟಿ ಬಿಗಿಹಿಡಿದು. ಮಗಳು ಮುಂದಕ್ಕೆ ಬಾಗಿದಳು, ಉಸಿರು ಕಟ್ಟಿ ಆಲಿಸಿದಳು.

"ಅಮ್ಮಾ, ಇದಾ?"

"ನಾನು ಹೇಳಲ್ಲ. ನೀನೇ ಹೇಳು. ಕೇಳಿಸದಿದ್ರೆ ನನ್ನ ಸಮಾಧಾನಕ್ಕೆ ಕೇಳಿಸ್ತು ಅನ್ಬೇಡ. ಯಾವ ಕಡೆಯಿಂದ ಬರ್ತಿದೆ?"

"ಎಡಗಡೆ. ಮುಂದೆ, ಕೆಳಗೆ. ಯಾರೋ ಮೇಜು ತಟ್ಟಿದ ಹಾಗೆ." ಹೇಳುತ್ತಲೇ ಮಗಳು ಅಮ್ಮನ ಹೆಗಲಿಗೆ ಹಣೆ ಆನಿಸಿ ಅತ್ತುಬಿಟ್ಟಳು. ಅಮ್ಮ ಕಾರು ನಿಲ್ಲಿಸಲಿಲ್ಲ. ಅದೇ ವೇಗದಲ್ಲಿ, ಆ ಸದ್ದನ್ನು ಪೂರ್ತಿ ಕೇಳಿಸಿಕೊಳ್ಳುತ್ತ, ರಸ್ತೆ ಮುಗಿಯುವವರೆಗೂ ಓಡಿಸಿದರು.

ಗ್ಯಾರೇಜಿನಲ್ಲಿ ಮೇಸ್ತ್ರಿ ಸೀಟನ್ನು ಹಿಂದಕ್ಕೆ ಸರಿಸಿದ. ಅಮ್ಮನೂ ಬಗ್ಗಿ ಹಳಿಗೆ ಕೈ ಹಾಕಿ ಅಲ್ಲಾಡಿಸಿ ನೋಡಿದರು. ಬೆರಳಿಗೆಲ್ಲ ಗ್ರೀಸು ಮೆತ್ತಿತು. ಬೋಲ್ಟು ಸಡಿಲ ಬಿಟ್ಟಿದ್ದು ಯಾರು ಎಂದು ಆಕೆ ಕೇಳಲಿಲ್ಲ. ಮೇಸ್ತ್ರಿಯೇ ಹೇಳಿದ. ಕಾರ್ಪೆಟ್ಟಿನ ಕಥೆ, ಮೂರು ಬಿಗಿದು ಒಂದನ್ನು ಮರೆತದ್ದು, ಆಮೇಲೆ ಫೋನಿನಲ್ಲಿ ಆಡಿದ ಮಾತು, ಒಂದನ್ನೂ ಬಿಡದೆ ಹೇಳಿದ. ತಪ್ಪಾಯಿತು ಎಂದ.

ಪರವಾಗಿಲ್ಲ ಎನ್ನುತ್ತಾರೆ ಎಂದು ಅವನು ಒಳಗೊಳಗೇ ಕಾಯುತ್ತಿದ್ದನೋ ಏನೋ. ಆಕೆ ಹಾಗೆನ್ನಲಿಲ್ಲ.

"ಬೋಲ್ಟು ಮರೆತಿರಿ, ಅದು ಯಾರಿಗಾದ್ರೂ ಆಗುತ್ತೆ. ನಿಮಗೆ ಕೇಳಿಸ್ಲಿಲ್ಲ ಅಂತ ಹೇಳಿದ್ರೂ ನಾನು ಒಪ್ಕೋತಿದ್ದೆ. ನೀವು ಸದ್ದೇ ಇಲ್ಲ ಅಂದ್ರಿ." ಆಕೆ ಗ್ರೀಸಿನ ಬೆರಳುಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡಿದ್ದರು. "ಅಕ್ಕನ ಥರ ಆಗ್ತಿದೀನಿ ಅನ್ನೋ ಭಯ ಮೊದಲೇ ಇತ್ತು, ಆಮೇಲೆ ನಾನೇ ನಂಬಿಬಿಟ್ಟೆ ಮೇಸ್ತ್ರಿ. ಕಾರು ಹೋದ್ರೆ ಹೋಗ್ಲಿ. ದಿನಕ್ಕೆ ಹತ್ತು ಸಲ ನಲ್ಲಿ ಕೆಳಗೆ ಕೈ ಇಟ್ಟು ನೋಡ್ತಿದ್ದೆ, ನಿಜವಾಗ್ಲೂ ನಿಂತಿದೆಯಾ ಅಂತ. ಕೈ ಒಣಗಿರೋದು ಕಂಡ್ರೂ ನನ್ನ ಕೈಯನ್ನ ನಾನು ನಂಬ್ತಿರಲಿಲ್ಲ."

ಆವತ್ತು ಆಕೆ ನಲ್ಲಿಯ ಕೆಳಗೆ ಅಂಗೈ ಒಡ್ಡಿದ್ದನ್ನು ಕಂಡು ತಾನು ಒಳಗೊಳಗೇ ನಕ್ಕಿದ್ದು ಮೇಸ್ತ್ರಿಗೆ ನೆನಪಾಯಿತು. ಸ್ಪಾನರನ್ನು ಹೊರಗೆ ತೆಗೆದು ಆಕೆಯ ಮುಂದೆ ಹಿಡಿದ. ಆಕೆ ಬೇಡವೆನ್ನಲಿಲ್ಲ. ಅವನು ತೋರಿಸಿದ ಹಾಗೆ ಬೋಲ್ಟಿನ ತಲೆಗೆ ಕೂರಿಸಿ ತಾವೇ ಬಿಗಿದರು, ಇನ್ನು ತಿರುಗುವುದಿಲ್ಲ ಎನ್ನುವವರೆಗೂ. ಮಗಳು ಕಾರಿನಿಂದ ಕೀ ತೆಗೆದುಕೊಂಡು ಬಂದು ಅಮ್ಮನ ಕೈಗೆ ಕೊಡಲು ಹೋದಳು. ತಡಿ, ಕೈ ಹೊಲಸಾಗಿದೆ ಎಂದು ಆಕೆ ಬಾಗಿಲ ಬಳಿಗೆ ನಡೆದರು.

ಸೋಪು ಹಚ್ಚಿ ನಿಧಾನವಾಗಿ ಕೈ ತೊಳೆದುಕೊಂಡರು. ನಲ್ಲಿ ಮುಚ್ಚಿದರು. ಮೇಸ್ತ್ರಿ ನೋಡುತ್ತಲೇ ಇದ್ದ. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು. ಆಕೆ ತಿರುಗಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮಗಳ ಮುಂದೆ ಅಂಗೈ ಚಾಚಿ, ಕೀ ಇಸಿದುಕೊಂಡರು.