ಕೇಳಿಸದ ಗಂಟೆ

ವಿಶ್ವವಿದ್ಯಾಲಯದ ಕಟ್ಟಡ ವಿಭಾಗದವರು ಅವಳನ್ನು ನರ್ಸಮ್ಮ ಎನ್ನುತ್ತಿದ್ದರು. ವೈದ್ಯಕೀಯ ವಿಭಾಗದವರು ಮೇಸ್ತ್ರಿ ಎನ್ನುತ್ತಿದ್ದರು. ಎರಡೂ ಕಡೆಯವರಿಗೆ ಅದು ತಮಾಷೆ. ನಾಲ್ಕು ವರ್ಷ ಕೇಳಿ ಕೇಳಿ ಅವಳಿಗೆ ಮಾತ್ರ ನಗು ಬತ್ತಿಹೋಗಿತ್ತು.

ಹನ್ನೊಂದು ವರ್ಷ ನವಜಾತ ಶಿಶುಗಳ ವಾರ್ಡಿನಲ್ಲಿ ದುಡಿದವಳು ಅವಳು. ದಿನ ತುಂಬದೆ ಹುಟ್ಟಿದ ಕೂಸುಗಳು ಅಲ್ಲಿ ಗಾಜಿನ ತೊಟ್ಟಿಲಲ್ಲಿ ಮಲಗುತ್ತವೆ. ಉಸಿರು ತಪ್ಪಿದರೆ ಯಂತ್ರ ಗಂಟೆ ಬಾರಿಸುತ್ತದೆ, ನರ್ಸು ಓಡುತ್ತಾಳೆ. ವಾರ್ಡು ಹೊಸ ಕಟ್ಟಡಕ್ಕೆ ಹೋದ ಮೇಲೆ ಮೂಲೆಯ ತೊಟ್ಟಿಲ ಕೂಸುಗಳಿಗೆ ಮಾತ್ರ ಮೇಲಿಂದ ಮೇಲೆ ಮೈ ನೀಲಿಗಟ್ಟತೊಡಗಿತು. ವೈದ್ಯರು ಸೋಂಕು ಹುಡುಕಿದರು, ಸಿಗಲಿಲ್ಲ. ಇಂಜಿನಿಯರುಗಳು ಖಾಲಿ ವಾರ್ಡಿನಲ್ಲಿ ಸದ್ದು ಅಳೆದು, ಎಲ್ಲ ಸರಿಯಿದೆ ಎಂದು ಕೈತೊಳೆದುಕೊಂಡರು. ಒಂದು ಕೂಸು ಉಳಿಯಲಿಲ್ಲ. ಅವತ್ತು ಪಾಳಿಯಲ್ಲಿ ಇದ್ದವಳು ಇವಳೇ.

ವಿಶ್ವವಿದ್ಯಾಲಯದವರು ಕಟ್ಟಡ, ವೈದ್ಯಕೀಯ ಎರಡೂ ವಿಭಾಗ ಸೇರಿಸಿ ಒಂದೇ ಸಂಶೋಧನಾ ಪದವಿ ಕೊಡುತ್ತಾರೆಂದು ತಿಳಿದಾಗ, ಅವಳು ಹಿಂದೆಮುಂದೆ ನೋಡದೆ ಕೆಲಸ ಬಿಟ್ಟು ಸೇರಿಕೊಂಡಳು. ಕೂರಲು ಕೊಟ್ಟದ್ದು ಎರಡು ಕಟ್ಟಡಗಳ ನಡುವಿನ ಓಣಿಯ ಕೋಣೆ. ಮೊದಲು ಅದರಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿಡುತ್ತಿದ್ದರಂತೆ. ಕಿಟಕಿ ತೆರೆದರೆ ಎದುರಿಗೆ ಗೇಣುದೂರದಲ್ಲಿ ಇನ್ನೊಂದು ಗೋಡೆ.

ಆ ಕೋಣೆಯಲ್ಲಿ ಕೂತೇ ಅವಳು ಕಾರಣ ಹಿಡಿದಳು. ಸದ್ದು ಗಾಜಿಗೆ ಬಡಿದು ಹೇಗೆ ತಿರುಗುತ್ತದೆ, ಒಂದು ದನಿ ಇನ್ನೊಂದನ್ನು ಹೇಗೆ ನುಂಗುತ್ತದೆ ಎಂಬುದನ್ನು ಕಟ್ಟಡದ ಮೇಷ್ಟ್ರು ಕಲಿಸಿದರು. ಕೂಸುಗಳ ಉಸಿರಿನ ದಾಖಲೆ ಓದುವುದನ್ನು ಡಾಕ್ಟರ್ ಮೇಡಂ ಕಲಿಸಿದರು. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ನರ್ಸುಗಳೆಲ್ಲ ಮೇಜಿನ ಸುತ್ತ ನಿಂತು ಮಾತಾಡುತ್ತಾರೆ ಎಂಬುದು ಮಾತ್ರ ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟಳು. ಮೂಲೆಯ ಕೂಸುಗಳು ನೀಲಿಗಟ್ಟುತ್ತಿದ್ದದ್ದು ಹೆಚ್ಚಾಗಿ ಆ ಎರಡರ ಹೊತ್ತಿಗೇ. ಮೇಜಿನ ಪಕ್ಕದ ಗಾಜಿನ ಗೋಡೆ ಅವರ ಮಾತನ್ನೇ ಅವರ ಕಿವಿಗೆ ತಿರುಗಿಸುತ್ತಿತ್ತು. ಆ ಗದ್ದಲದಲ್ಲಿ ಮೂಲೆಯ ಗಂಟೆ ಯಾರಿಗೂ ಕೇಳಿಸುತ್ತಿರಲಿಲ್ಲ. ಆಸ್ಪತ್ರೆಯವರಿಗೆ ಹೇಳಿದರೆ, ಮೊದಲು ನಿಮ್ಮ ಪ್ರಬಂಧ ಒಪ್ಪಿಗೆಯಾಗಲಿ ಎಂದರು.

ಪ್ರಬಂಧ ಮುಗಿಸಿ ಕೊಟ್ಟಳು. ತೊಡಕು ಶುರುವಾದದ್ದೇ ಆಗ.

"ಗೋಡೆ, ಗಾಜು ಇದೆಲ್ಲ ಯಾಕಮ್ಮ? ತೆಗೆದುಹಾಕು. ಕೂಸುಗಳದ್ದಷ್ಟೇ ಇರಲಿ," ಎಂದರು ಮೇಡಂ.

"ನರ್ಸುಗಳ ಕತೆ ಯಾರಿಗೆ ಬೇಕು? ಅದನ್ನ ಕತ್ತರಿಸಿದ್ರೆ ನಾಳೆನೇ ಸಹಿ ಹಾಕ್ತೀನಿ," ಎಂದರು ಮೇಷ್ಟ್ರು.

ಮಾರ್ಗದರ್ಶಕರಾದ ಇಬ್ಬರ ಸಹಿಯೂ ಬೇಕು. ಒಬ್ಬರು ಹೇಳಿದಂತೆ ಮಾಡಿದರೆ ಇನ್ನೊಬ್ಬರು ಹಾಕುವುದಿಲ್ಲ. ಎಂಟು ತಿಂಗಳು ಅವಳು ಆ ಬಾಗಿಲಿಂದ ಈ ಬಾಗಿಲಿಗೆ ಅಲೆದಳು. ಹಿಂದಕ್ಕೆ ಹೋಗೋಣವೆಂದರೆ ಬಿಟ್ಟ ಕೆಲಸಕ್ಕೆ ಬೇರೆಯವರು ಬಂದಾಗಿತ್ತು. ಅತ್ತ ದರಿ, ಇತ್ತ ಪುಲಿ. ಕೋಣೆಗೆ ಬಂದು ಕೂತರೆ ಎದೆಯ ಮೇಲೆ ಕಲ್ಲು ಹೇರಿದಂತಾಗಿ, ಬಾಗಿಲು ತೆರೆದಿಟ್ಟೇ ಕೆಲಸ ಮಾಡುತ್ತಿದ್ದಳು.

ಅವಳ ಗಂಡ ಬಸ್ ಡ್ರೈವರ್. "ನಮ್ಮ ಬಸ್ಸಿಗೂ ಒಂದೇ ಬೋರ್ಡು ಕಣೇ. ಎರಡೂರಿನ ಬೋರ್ಡು ಹಾಕಿದ್ರೆ ಒಬ್ರೂ ಹತ್ತಲ್ಲ. ಯಾವುದೋ ಒಂದು ಕಡೆ ಕತ್ತರಿಸಿ ಕೊಟ್ಟುಬಿಡು."

"ಕತ್ತರಿಸಿದ್ರೆ ಆ ಕೂಸು ಯಾಕೆ ಹೋಯ್ತು ಅನ್ನೋದೇ ಅದರಲ್ಲಿ ಇರಲ್ಲ ರೀ," ಎಂದಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಕೊನೆಗೆ ಅವಳು ಇಬ್ಬರನ್ನೂ ವಾರ್ಡಿಗೆ ಕರೆದಳು. ಬನ್ನಿ ಎಂದರೆ ಬರುವವರಲ್ಲ. ಇವರು ಬರುತ್ತಾರೆಂದು ಅವರಿಗೆ, ಅವರು ಬರುತ್ತಾರೆಂದು ಇವರಿಗೆ ಹೇಳಿದ್ದರಿಂದ ಬಂದರು. ಎರಡಕ್ಕೆ ಸರಿಯಾಗಿ ಮೇಡಂ ಅವರನ್ನು ನರ್ಸುಗಳ ಮೇಜಿನ ಬಳಿ ನಿಲ್ಲಿಸಿದಳು. ಮೇಷ್ಟ್ರನ್ನು ಮೂಲೆಯ ಖಾಲಿ ತೊಟ್ಟಿಲ ಪಕ್ಕಕ್ಕೆ ಕರೆದೊಯ್ದು, ಯಂತ್ರದ ಪರೀಕ್ಷಾ ಗುಂಡಿ ಒತ್ತಿದಳು.

ಗಂಟೆ ಕಿರುಚಿತು. ಮೇಷ್ಟ್ರು ಬೆಚ್ಚಿ ಹಿಂದೆ ಸರಿದರು. ಮೇಜಿನ ಬಳಿ ಒಬ್ಬರೂ ತಿರುಗಿ ನೋಡಲಿಲ್ಲ. ಮೇಡಂ ಯಾವುದೋ ಚೀಟಿ ಓದುತ್ತ ನಿಂತೇ ಇದ್ದರು. ಇಪ್ಪತ್ತು ಎಣಿಸಿದಳು. ಮೂವತ್ತು ಎಣಿಸಿದಳು. ಮೇಷ್ಟ್ರಿಗೆ ತಡೆಯಲಾಗದೆ, "ಯಾರಾದ್ರೂ ಬರ್ರೀ!" ಎಂದು ಕೂಗಿದರು. ಅದೂ ಕೇಳಿಸಲಿಲ್ಲ.

ಗಂಟೆ ನಿಲ್ಲಿಸಿ, ಮೇಜಿನ ಬಳಿಗೆ ಹೋಗಿ ಅವಳು ಕೇಳಿದಳು: "ಮೇಡಂ, ಗಂಟೆ ಕೇಳಿಸ್ತಾ?"

"ಯಾವ ಗಂಟೆ?"

ಮೇಷ್ಟ್ರು ಮೂಲೆಯಿಂದ ಮೇಜಿನ ಬಳಿಗೆ ಬಂದರು. ಮೇಡಂ ಮೇಷ್ಟ್ರ ಮುಖ ನೋಡಿದರು, ಮೂಲೆ ನೋಡಿದರು, ಆಮೇಲೆ ಹತ್ತಿರದ ಕುರ್ಚಿಯಲ್ಲಿ ಕೂತುಬಿಟ್ಟರು. "ಇಷ್ಟು ದಿನ..." ಎಂದರು.

ಅದೇ ವಾರ ಮೇಜು ಆಚೆ ಗೋಡೆಗೆ ಹೋಯಿತು. ಮೂಲೆಯ ಗಂಟೆ ಹೊಡೆದರೆ ನರ್ಸುಗಳು ತಿರುಗಿ ಓಡುವಂತಾಯಿತು. ಒಂದು ಸಾಲೂ ಕತ್ತರಿಸದ ಪ್ರಬಂಧಕ್ಕೆ ಇಬ್ಬರೂ ಸಹಿ ಹಾಕಿದರು.

ಪರೀಕ್ಷಾ ಶಾಖೆಯ ಗುಮಾಸ್ತ ಅದನ್ನು ತಿರುವಿ ನೋಡಿ ತಲೆಯಾಡಿಸಿದ. "ವಿಭಾಗ ಅಂತ ಇಲ್ಲಿ ಒಂದೇ ಕಾಲಂ ಇರೋದಮ್ಮ. ಕಂಪ್ಯೂಟರ್ ಎರಡು ತಗೊಳ್ಳಲ್ಲ. ಯಾವುದು ಹಾಕಲಿ ಹೇಳಿ, ಇವತ್ತೇ ಕಳಿಸ್ತೀನಿ."

"ಎರಡೂ ಹಾಕೋ ಹಾಗಾಗೋದು ಯಾವಾಗ?"

"ನಿಯಮ ಬದಲಾಗ್ಬೇಕು. ಸಮಿತಿ ಸೇರೋದು ಆರು ತಿಂಗಳಿಗೆ."

ಅವಳು ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನಿಂತಳು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಒಂದು ಪದ ಹೇಳಿದ್ದರೆ ಸಾಕಿತ್ತು. ನಾಲಿಗೆ ತುದಿಗೆ ಬಂದೂ ಇತ್ತು.

"ಸಮಿತಿಗೆ ಅರ್ಜಿ ಯಾರಿಗೆ ಬರೀಬೇಕು?" ಎಂದಳು.

ಗುಮಾಸ್ತ ನಿಟ್ಟುಸಿರು ಬಿಟ್ಟು ಒಂದು ಬಿಳಿ ಹಾಳೆ ಕೊಟ್ಟ. ಸಾಲು ಬಿಟ್ಟು ಪಕ್ಕಕ್ಕೆ ಸರಿದು, ಗೋಡೆಗೆ ಹಾಳೆ ಒತ್ತಿಟ್ಟುಕೊಂಡು, ಅವಳು ಬರೆಯತೊಡಗಿದಳು.