ಎಲ್‌ಕೆಜಿ ಕೋಣೆಗೆ ಕಾಂಕ್ರೀಟು ಹೊತ್ತ ಬಾಂಡ್ಲಿ

ನಾನು ಒಂದು ಬಾಂಡ್ಲಿ. ಮಣ್ಣು, ಮರಳು, ಕಲಸಿದ ಕಾಂಕ್ರೀಟು ಹೊರುವ ಕಬ್ಬಿಣದ ಬಾಂಡ್ಲಿ. ಬೆಂಗಳೂರಿನ ಒಂದು ಸಣ್ಣ ಶೆಡ್ಡಿನಲ್ಲಿ ಕಬ್ಬಿಣದ ಹಾಳೆಯನ್ನು ದುಂಡಗೆ ಕತ್ತರಿಸಿ, ಪ್ರೆಸ್ಸಿನ ಕೆಳಗಿಟ್ಟು ಒಂದೇ ಏಟಿಗೆ ನನಗೆ ಹೊಟ್ಟೆ ಬರಿಸಿದರು. ಕೈ ಕುಯ್ಯದಂತೆ ಅಂಚು ಮಡಚಿದರು. ತಳ ಗುಂಡಗಿರುವುದರಿಂದ ನೆಲದ ಮೇಲಿಟ್ಟರೂ ಅಲ್ಲಾಡುತ್ತಲೇ ಇರುತ್ತೇನೆ. ಒಂದು ಕಡೆ ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ.

ಚೆಂಗಲರಾಯಪ್ಪ ಎಂಬ ಮೇಸ್ತ್ರಿ ನನ್ನನ್ನು ಅಂಗಡಿಯಿಂದ ಕೊಂಡು ತಂದ. ಅವನ ಗುಂಪಿನಲ್ಲಿ ಸುರಪುರದ ಕಡೆಯಿಂದ ಬಂದ ಗಂಡ ಹೆಂಡತಿ ಇದ್ದರು, ತಾಯಪ್ಪ ಮತ್ತು ಸಾಬಮ್ಮ. ಸಾಬಮ್ಮ ತಲೆಯ ಮೇಲೆ ಹಳೇ ಸೀರೆಯ ಸಿಂಬೆ ಇಟ್ಟು, ಅದರ ಮೇಲೆ ನನ್ನನ್ನು ಇಟ್ಟುಕೊಂಡಳು. ಅಂದಿನಿಂದ ನಾನು ಅವಳವನಾದೆ. ಬೇರೆ ಯಾರಾದರೂ ಎತ್ತಿಕೊಂಡರೆ, "ಅದು ನಂದೈತ್ರಿ" ಎಂದು ಕಿತ್ತುಕೊಳ್ಳುತ್ತಿದ್ದಳು.

ಅವರಿಗೆ ಪಲ್ಲವಿ ಎಂಬ ಮಗಳು. ತಾಯಿ ಕೆಲಸ ಮಾಡುವಾಗ ಮರಳಿನ ಗುಡ್ಡೆಯೇ ಅವಳ ಅಂಗಳ. ಹೆಬ್ಬಾಳದ ಆಚೆ ಅಪಾರ್ಟ್‌ಮೆಂಟೊಂದು ಏಳುತ್ತಿದ್ದಾಗ, ಲಿಫ್ಟಿಗೆಂದು ತೆಗೆದಿದ್ದ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಮಗು ಚೆಂಡಿನ ಹಿಂದೆ ಹೋದವಳು ಅದರೊಳಗೆ ಜಾರಿದಳು. ಸಾಬಮ್ಮ ತುಂಬಿದ ನನ್ನನ್ನು ತಲೆಯಿಂದಲೇ ಎಸೆದು ಓಡಿ, ಜಡೆ ಹಿಡಿದು ಮೇಲೆಳೆದಳು. ಮಗು ಕೆಮ್ಮಿತು, ಅತ್ತಿತು, ಬದುಕಿತು. ಸಾಬಮ್ಮ ಮಾತ್ರ ಆ ದಿನದಿಂದ ನೆಟ್ಟಗೆ ನಡೆಯಲಿಲ್ಲ. ಹೆಜ್ಜೆ ಹೆಜ್ಜೆಗೂ ತಿರುಗಿ ನೋಡುತ್ತಿದ್ದಳು. ಅವಳು ಕತ್ತು ತಿರುಗಿಸಿದಾಗಲೆಲ್ಲ ನಾನು ವಾಲುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ನಗರದ ಅಂಚಿನ ಒಂದು ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೊಸದಾಗಿ ಎಲ್‌ಕೆಜಿ ತೆರೆಯುತ್ತಾರೆ, ಅದಕ್ಕೊಂದು ಕೋಣೆ ಕಟ್ಟಬೇಕು. ಫೀಸಿಲ್ಲ, ಮಧ್ಯಾಹ್ನ ಊಟವೂ ಉಂಟು ಎಂದು ಗೊತ್ತಾದ ಕೂಡಲೇ ಸಾಬಮ್ಮ ನನ್ನನ್ನು ಗೋಡೆಗೆ ಒರಗಿಸಿ, ಕೈಯ ಸಿಮೆಂಟು ಸೀರೆಗೆ ಒರೆಸಿಕೊಂಡು ಆಫೀಸಿನ ಬಾಗಿಲಿಗೆ ಹೋದಳು. ಒಳಗೆ ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಿ ಮೇಡಂ ಇದ್ದರು.

"ಮೇಡಂರೀ, ನನ್ನ ಮಗಳನ್ನ ಇಲ್ಲಿ ಕುಂದ್ರಸ್ಕೋತೀರೇನ್ರಿ?"

"ವಯಸ್ಸೆಷ್ಟಮ್ಮ?"

"ನಾಕು ತುಂಬ್ಯಾವ್ರಿ."

"ತುಂಬಿದೆ ಅನ್ನೋದಕ್ಕೆ ಏನಾದ್ರೂ ಬೇಕಲ್ಲಮ್ಮ. ಹುಟ್ಟಿದ ತಾರೀಖಿನ ಸರ್ಟಿಫಿಕೇಟ್ ಇದೆಯಾ?"

ಇರಲಿಲ್ಲ. ಪಲ್ಲವಿ ಹುಟ್ಟಿದ ವಾರಕ್ಕೇ ಇವರು ಕೆಲಸ ಹುಡುಕಿಕೊಂಡು ಊರು ಬಿಟ್ಟಿದ್ದರು. ಮೇಡಂ ಸ್ವಲ್ಪ ಯೋಚಿಸಿ, ಬಸುರಿಯಿದ್ದಾಗ ಆಸ್ಪತ್ರೆಯಲ್ಲಿ ಕೊಟ್ಟ ತಾಯಿ ಕಾರ್ಡಿನಲ್ಲಿ ಹೆರಿಗೆಯ ತಾರೀಖು ಬರೆದಿರುತ್ತಾರೆ, ಸದ್ಯಕ್ಕೆ ಅದನ್ನು ತಂದರೂ ಆದೀತು, ಉಳಿದದ್ದು ಆಮೇಲೆ ಮಾಡಿಸು ಎಂದರು. ಶುಕ್ರವಾರ ಸಂಜೆಯೊಳಗೆ ಬರಬೇಕು, ಅಂದೇ ಹೆಸರುಗಳನ್ನು ಮೇಲಿನ ಕಚೇರಿಗೆ ಕಳಿಸುತ್ತಾರೆ.

ಕಾರ್ಡು ಊರಿನಲ್ಲಿ ಅತ್ತೆಯ ಟ್ರಂಕಿನಲ್ಲಿತ್ತು. ಸಾಬಮ್ಮ ಫೋನು ಮಾಡಿದಳು. ಮೈದುನ ಅದನ್ನು ಗುರುವಾರ ರಾತ್ರಿಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ. ಬೆಳಗಿನ ಜಾವ ಮೆಜೆಸ್ಟಿಕ್ಕಿಗೆ ಹೋಗಿ ಇಸಿದುಕೊಂಡು ಕೆಲಸಕ್ಕೆ ಬಂದುಬಿಡುವುದು ಅವಳ ಲೆಕ್ಕ. ಆದರೆ ಚಿತ್ರದುರ್ಗದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಮಧ್ಯಾಹ್ನಕ್ಕೆ ಬರಬಹುದು ಎಂದು ಕಂಡಕ್ಟರ್ ಫೋನಿನಲ್ಲಿ ಹೇಳಿದ. ಆ ಶುಕ್ರವಾರವೇ ಕೋಣೆಯ ಮೋಲ್ಡ್.

ಮೋಲ್ಡ್ ಎಂದರೆ ಚಾವಣಿಗೆ ಕಾಂಕ್ರೀಟು ಹಾಕುವುದು. ಶುರು ಮಾಡಿದರೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಅಲ್ಲೇ ಬಿರುಕು ಬಿಟ್ಟು ಸೋರುತ್ತದೆ. ಮಿಕ್ಸರಿನಿಂದ ಏಣಿಯವರೆಗೆ ಹೆಂಗಸರ ಸಾಲು, ಏಣಿಯ ಮೇಲೆ ಗಂಡಸರ ಸಾಲು. ಕೈಯಿಂದ ಕೈಗೆ ನಾವು ಬಾಂಡ್ಲಿಗಳು ತುಂಬಿ ಹೋಗುತ್ತೇವೆ, ಖಾಲಿಯಾಗಿ ಇಳಿಯುತ್ತೇವೆ. ಸಾಬಮ್ಮ ನಡುವೆ ನಿಂತಿದ್ದಳು. ಕೈ ಕೆಲಸ ಮಾಡುತ್ತಿತ್ತು, ಕಣ್ಣು ಗೇಟಿನ ಕಡೆಗಿತ್ತು, ಫೋನು ಸೊಂಟದಲ್ಲಿತ್ತು. ಹಿಂದೆ ನಿಂತಿದ್ದ ಅಯ್ಯಮ್ಮ ಎಂಬ ಹಿರಿಯ ಹೆಂಗಸು ಎರಡು ಸಲ ಗದರಿದಳು, "ಸರಿಯಾಗಿ ಹಿಡಿಯವಾ, ಕಾಲ ಮ್ಯಾಲ ಬೀಳ್ತದ."

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಫೋನು ಬಂತು. ಬಸ್ಸು ಪೀಣ್ಯ ದಾಟಿದೆ, ಬೇಗ ಬಾ, ನನ್ನ ಡ್ಯೂಟಿ ಮುಗಿಯಿತು ಎಂದ ಕಂಡಕ್ಟರ್. ಸಾಬಮ್ಮ ಸಾಲಿನಿಂದ ಹೊರಗೆ ಬಂದಳು.

"ಏಯ್ ಸಾಬಮ್ಮ, ಮೋಲ್ಡ್ ನಡೀವಾಗ ಎಲ್ಲಿಗಮ್ಮ ಹೊಂಟೆ? ಲೈನು ಕಿತ್ತೋಯ್ತದೆ," ಎಂದು ಮೇಸ್ತ್ರಿ ಮೇಲಿಂದ ಕೂಗಿದ.

ತಾಯಪ್ಪ ಏಣಿಯ ಮೇಲಿದ್ದ. "ಬ್ಯಾಡ ಬಾ, ಮುಂದಿನ ವರ್ಷ ನೋಡಿದ್ರಾತು," ಎಂದ.

"ಮುಂದಿನ ವರ್ಷ ಯಾವ ಗುಂಡಿ ಹತ್ರ ಇರ್ತಾಳೋ ಏನೋ," ಎಂದಳು ಸಾಬಮ್ಮ. ಆದರೆ ಕಾಲು ಮುಂದೆ ಹೋಗಲಿಲ್ಲ. ಹಿಂದೆ ಸಾಲಿನಲ್ಲಿ ಬಾಂಡ್ಲಿಗಳು ನಿಂತುಬಿಟ್ಟಿದ್ದವು.

ಆಗ ಅಯ್ಯಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ನೀ ಹೋಗವಾ. ನಾವು ಒಂದೀಟು ದೂರ ದೂರ ನಿಂದರ್ತೀವಿ."

ಹೆಂಗಸರು ಸರಿದು ನಿಂತರು. ಈಗ ಕೈಗೆ ಕೈ ಎಟುಕುತ್ತಿರಲಿಲ್ಲ. ನಮ್ಮನ್ನು ಕೊಡುವ ಬದಲು ತೂಗಿ ಎಸೆಯಬೇಕಾಯಿತು. ಗೇಟಿನಲ್ಲಿ ಅವಳ ಸೆರಗು ಮರೆಯಾಗುವುದನ್ನು ನಾನು ಗಾಳಿಯಲ್ಲಿದ್ದಾಗ ಕಂಡೆ. ಒಂದು ಸಲ ಅಯ್ಯಮ್ಮನ ಕೈ ತಪ್ಪಿ ಕಲ್ಲಿಗೆ ಬಿದ್ದೆ. ಅಂಚು ಸೀಳಿತು. ಯಾರೂ ನಿಲ್ಲಲಿಲ್ಲ. ಬೇವಿನ ಮರದ ಕೆಳಗೆ ಪಲ್ಲವಿ ಗೋಣಿಚೀಲದ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಚಾವಣಿ ಮುಗಿಯಿತು. ಆಫೀಸಿನ ಬಾಗಿಲಿಗೆ ಬೀಗ ಬಿತ್ತು. ಮೇಡಂ ಬ್ಯಾಗು ಹೆಗಲಿಗೇರಿಸಿ ಗೇಟಿನ ತನಕ ಹೋದಾಗ ಸಾಬಮ್ಮ ಎದುರಿಂದ ಓಡಿ ಬಂದಳು. ಒಂದು ಚಪ್ಪಲಿ ಕಿತ್ತುಹೋಗಿತ್ತು. ಕಾರ್ಡು ಚಾಚಿದಳು.

"ಆಗಲೇ ಕಳಿಸಿಬಿಟ್ಟೆನಲ್ಲಮ್ಮ," ಎಂದರು ಮೇಡಂ. ಅವಳ ಮುಖ ನೋಡಿದರು, ಹೊಸ ಚಾವಣಿ ನೋಡಿದರು, ಬ್ಯಾಗಿನಿಂದ ಬೀಗದ ಕೈ ತೆಗೆದರು. "ಬಾ. ಇರೋದು ಮೂವತ್ತು ಸೀಟು, ಮೂವತ್ತೂ ತುಂಬಿದೆ. ನಿನ್ನ ಮಗಳ ಹೆಸರನ್ನ ಅದರ ಕೆಳಗೆ ಸೇರಿಸ್ತೀನಿ. ಯಾರಾದ್ರೂ ಬಿಟ್ಟರೆ ಸಿಗುತ್ತೆ. ಬಿಡದೆ ಇದ್ದರೆ ನನ್ನ ಕೈಲಿಲ್ಲ."

ಶಾಲೆ ತೆರೆಯಿತು. ಕೋಣೆ ಒಣಗುವ ತನಕ ಮಕ್ಕಳು ಜಗಲಿಯಲ್ಲಿ ಕೂತರು. ನಾವು ಗೋಡೆಗೆ ಗಾರೆ ಮೆತ್ತುತ್ತಿದ್ದೆವು. ಸಾಬಮ್ಮ ದಿನಾ ಬೆಳಿಗ್ಗೆ ಆಫೀಸಿಗೆ ಹೋಗಿ, "ಯಾರಾರ ಬಿಟ್ರೇನ್ರಿ?" ಎಂದು ಕೇಳುವಳು. ಜಗಲಿಯಲ್ಲಿ ಯಾವುದಾದರೂ ಮಗು ಕಾಣದಿದ್ದರೆ ಅವಳಿಗೆ ಆಸೆ ಹುಟ್ಟುತ್ತಿತ್ತು. ಮರುದಿನ ಆ ಮಗು ಮೂಗೊರೆಸಿಕೊಂಡು ಬಂದಾಗ ಅವಳಿಗೆ ಬೇಸರವಾಗುತ್ತಿತ್ತು, ಬೇಸರವಾಯಿತಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. "ಯಾರ ಮಕ್ಕಳು ಬಿಡ್ಲಿ ಅಂತ ಬೇಡ್ಕೊಳ್ಲಿ ಯಕ್ಕ?" ಎಂದು ಅಯ್ಯಮ್ಮನನ್ನು ಕೇಳಿದಳು. ಅಯ್ಯಮ್ಮ ಗಾರೆ ತುಂಬಿ ನನ್ನನ್ನು ಅವಳ ತಲೆಗೇರಿಸಿದಳು.

ಬಣ್ಣದವರು ಬಂದರು. ನಮ್ಮ ಕೆಲಸ ಮುಗಿಯಿತು. ಸರ್ಜಾಪುರದ ಕಡೆ ಹೊಸ ಕೆಲಸ. ತಗಡಿನ ಶೆಡ್ಡು ಬಿಚ್ಚಿ, ಪಾತ್ರೆ, ಸಲಿಕೆ, ನಮ್ಮನ್ನೆಲ್ಲ ಟೆಂಪೋಗೆ ತುಂಬುತ್ತಿದ್ದಾಗ ಮೇಡಂ ಜಗಲಿಯಿಂದಲೇ ಕೈಮಾಡಿ ಕರೆದರು. ಪಾನಿಪೂರಿ ಮಾರುವವರ ಕುಟುಂಬವೊಂದು ಬೇರೆ ಬಡಾವಣೆಗೆ ಹೋಗಿದೆ. ಸೀಟು ಖಾಲಿ.

ಸಾಬಮ್ಮ ಟೆಂಪೋ ಹತ್ತಿರ ಬಂದು ತನ್ನ ಬಟ್ಟೆಯ ಗಂಟನ್ನು ಕೆಳಗಿಳಿಸಿದಳು.

"ಎಲ್ಲಿ ಇರ್ತಿ ನೀನು?" ಎಂದ ತಾಯಪ್ಪ.

"ಸಾಲಿ ಹಿಂದಿನ ಹಸಿರು ಮನಿ ಅಮ್ಮಾರು ಕಸ ಮುಸುರಿಗೆ ಕರ್ದಾರ. ಮೆಟ್ಟಿಲ ಕೆಳಗಿನ ಕೋಣಿ ಕೊಡ್ತಾರಂತ. ಕೇಳಿ ಇಟ್ಟಿದ್ದೆ."

"ನನಗ ಹೇಳ್ಲಿಲ್ಲ."

"ಸೀಟು ಸಿಗ್ತದ ಅಂತ ನನಗೇ ನಂಬಿಕಿ ಇರ್ಲಿಲ್ಲ."

ತಾಯಪ್ಪ ಗಂಟನ್ನು ಎತ್ತಿ ಮಗಳ ಪಕ್ಕಕ್ಕೆ ಇಟ್ಟ. ಆಮೇಲೆ ಮಗಳ ಕೂದಲಿನ ಸುಣ್ಣದ ಧೂಳನ್ನು ಕೊಡವಿ ಟೆಂಪೋ ಹತ್ತಿದ. ಸಾಬಮ್ಮ ನನ್ನನ್ನು ಮುಟ್ಟಲಿಲ್ಲ. ಮಗಳ ಕೈ ಹಿಡಿದು ನಿಂತಿದ್ದಳು.

ಸರ್ಜಾಪುರದಲ್ಲಿ ನಾನು ಅಯ್ಯಮ್ಮನ ಪಾಲಿಗೆ ಬಂದೆ. ಆಮೇಲೆ ಇನ್ನಾರೋ, ಮತ್ತಿನ್ನಾರೋ. ತಾಯಪ್ಪ ಪ್ರತಿ ಭಾನುವಾರ ಹೆಂಡತಿ ಮಗಳ ಬಳಿ ಹೋಗಿ ಸೋಮವಾರ ಬರುತ್ತಿದ್ದ. ಮೊದಮೊದಲು ಸಿಡಿಮಿಡಿ ಮಾಡುತ್ತಿದ್ದ, ಅಡುಗೆಗೆ ಗತಿಯಿಲ್ಲ ಎನ್ನುತ್ತಿದ್ದ. ಆ ವರ್ಷದ ದೊಡ್ಡ ಮಳೆ ಬಂದುಹೋದ ಮೇಲಿನ ಸೋಮವಾರ ಮಾತ್ರ ಬಂದವನೇ ಎಲ್ಲರನ್ನೂ ಕರೆದು ಹೇಳಿದ: "ನಿಮ್ಮ ಸಾಲಿ ಕೋಣಿ ಸೋರ್ತದೇನವಾ ಅಂತ ಪಲ್ಲವಿಗೆ ಕೇಳ್ದೆ. ಒಂದು ಹನಿನೂ ಇಲ್ಲಪ್ಪ ಅಂದ್ಳು." ಅಯ್ಯಮ್ಮ ಗಾರೆ ಕಲಸುವುದನ್ನು ನಿಲ್ಲಿಸಿ, "ಇನ್ನೊಮ್ಮಿ ಹೇಳು," ಎಂದಳು. ಅವನು ಇನ್ನೊಮ್ಮೆ ಹೇಳಿದ.

ನನ್ನ ಸೀಳು ಬೆಳೆಯಿತು. ತಳ ತೂತು ಬಿತ್ತು. ಈಗ ಗುಜರಿ ಅಂಗಡಿಯ ಹಿಂದೆ ತುಕ್ಕು ಹಿಡಿದು ಬಿದ್ದಿದ್ದೇನೆ. ಗಾಳಿ ಬೀಸಿದರೆ ಈಗಲೂ ಅಲ್ಲಾಡುತ್ತೇನೆ. ಎಷ್ಟೋ ಮನೆಗಳಿಗೆ ಹೊತ್ತೆ, ಬಣ್ಣ ಬಳಿದ ಮೇಲೆ ಒಂದರೊಳಗೂ ನಮ್ಮನ್ನು ಬಿಟ್ಟುಕೊಂಡವರಿಲ್ಲ. ಅಲ್ಲೆಲ್ಲ ಯಾರಿದ್ದಾರೋ ತಿಳಿಯದು. ಮೋಡ ಕಪ್ಪಾಗಿ ಇಲ್ಲಿನ ತಗಡುಗಳು ಸದ್ದು ಮಾಡತೊಡಗಿದಾಗ ಮಾತ್ರ ಆ ಒಂದು ಕೋಣೆ ಕಣ್ಣಿಗೆ ಬರುತ್ತದೆ. ಒಳಗೆ ಮೂವತ್ತು ಮಕ್ಕಳು. ಹೊರಗೆ ಮಳೆ.