ಓದುಗಿಣಿ ಬರೆದ ಕೀಬೋರ್ಡು

ನಾನು ಒಂದು ಕೀಬೋರ್ಡು. ಪುಕ್ಕಲು ಕೀಬೋರ್ಡು ಎಂದು ಕರೆದರೂ ನನಗೆ ಬೇಸರವಿಲ್ಲ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ನೂರಾ ನಾಲ್ಕು ಗುಂಡಿಗಳನ್ನು ಕೂರಿಸಿದ ಮೇಲೆ ಒಂದು ಕಬ್ಬಿಣದ ಬೆರಳು ಬಂದು ಅವನ್ನೆಲ್ಲ ಒಂದೊಂದಾಗಿ ಗುದ್ದಿ ನೋಡಿತು. ಲೋಕದ ಮೊದಲ ಪರಿಚಯವೇ ಗುದ್ದು! ಅಂದಿನಿಂದ ಬೆಚ್ಚಿಬೀಳುವುದು ನನ್ನ ಸ್ವಭಾವವಾಗಿಬಿಟ್ಟಿದೆ.

ನನ್ನ ಮೊದಲ ಧಣಿ ವಿಠ್ಠಲಸಾ. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಅವರದೊಂದು ಮುದ್ರಣಾಲಯವಿತ್ತು. ಅವರು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತಿದ್ದ ಮದುವೆ ಕರೆಯೋಲೆಗಳ ಅಂದ ಊರಿಗೇ ಗೊತ್ತು. ಯಾರಾದರೂ ಮೆಟ್ಟಿಲು ಹತ್ತಿದರೆ ಸಾಕು, ಹೆಗಲ ಮೇಲಿನ ಟವೆಲ್ಲು ತೆಗೆದು ಪರದೆಗೆ ಹೊದಿಸಿಬಿಡುತ್ತಿದ್ದರು. "ಮಂದಿ ಕಣ್ಣಿಲೇ ಕದ್ದು ಒಯ್ತಾರ" ಎನ್ನುವುದು ಅವರ ಮಾತು. ನನ್ನ ಮೇಲೆ ಬರೆದದ್ದೆಲ್ಲ ಗುಟ್ಟು ಎಂದು ನಾನೂ ನಂಬಿಕೊಂಡೆ.

ಒಮ್ಮೆ ಅವರ ಕಂಪ್ಯೂಟರು ಕೆಟ್ಟು ಕೂತಿತು. ಧಾರವಾಡದ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ ನೀಲಗಂಗಾ ಹೂಗಾರ ಎಂಬಾಕೆ ಬಂದು ಸರಿಮಾಡಿಕೊಟ್ಟರು. ಅಂಗಡಿಗೆ ಹೊಸ ಯಂತ್ರ ಬಂದಾಗ ವಿಠ್ಠಲಸಾ ಅದೇ ಪ್ರೀತಿಗೆ ಹಳೆಯ ಸಾಮಾನಿನ ಜೊತೆ ನನ್ನನ್ನೂ ಅವರ ಕೈಗೆ ಹಾಕಿದರು.

ನೀಲಗಂಗಾ ಎರಡು ವರ್ಷ ನನ್ನನ್ನು ಬಿಡದೆ ಬಡಿದು ಒಂದು ಪ್ರೋಗ್ರಾಂ ಬರೆದರು. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಅದು, ಕಣ್ಣು ಕಾಣದವರಿಗಾಗಿ. 'ಓದುಗಿಣಿ' ಎಂದು ಹೆಸರಿಟ್ಟರು. ಕೆಲಸ ಮುಗಿದ ದಿನ ಅದರ ಕೋಡಿನ ಅಷ್ಟೂ ಸಾಲುಗಳನ್ನು, ಯಾವ ಸಾಲು ಏನು ಮಾಡುತ್ತದೆ ಎಂಬ ಕನ್ನಡ ಟಿಪ್ಪಣಿಯ ಸಮೇತ, ಒಂದನ್ನೂ ಮುಚ್ಚಿಡದೆ, ಯಾರು ಬೇಕಾದರೂ ನೋಡಲಿ, ತಿದ್ದಲಿ ಎಂದು ಇಂಟರ್ನೆಟ್ಟಿಗೆ ಹಾಕಿಬಿಟ್ಟರು. ನಾನು ದಂಗಾದೆ!

ಅವರ ಪ್ರಾಂಶುಪಾಲರೂ ಹೌಹಾರಿದರು. "ಎರಡು ವರ್ಷದ ದುಡಿಮಿ ಒಯ್ದು ಬೀದ್ಯಾಗ ಇಟ್ಟೀರಲ್ಲ ಮೇಡಂ, ತಲಿ ನೆಟ್ಟಗೈತೇನ್ರಿ?"

"ಬೀದ್ಯಾಗ ಇಟ್ರ ನಾಕ ಮಂದಿ ಎಡವತಾರ್ರಿ ಸರ್. ಎಲ್ಲಿ ಕಲ್ಲೈತಿ ಅಂತ ಅವರ ಹೇಳ್ತಾರ."

ಹೇಳಿದರು ಕೂಡ. ಎಲ್ಲರಿಗಿಂತ ಹೆಚ್ಚು ಹೇಳಿದವರು ಗದಗಿನ ಮೌಲಾಸಾಬ ಬಾಗವಾನ. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರು, ಹುಟ್ಟುಕುರುಡರು. ವಾರಕ್ಕೆರಡು ಸಲ ಫೋನು, ಪ್ರತಿ ಸಲವೂ ಒಂದು ತಕರಾರು. ಒಮ್ಮೆ ನೀಲಗಂಗಾ ನಗುತ್ತಲೇ, "ಕೋಡ್ ತೆರೆದ ಐತ್ರಿ, ಓದುಗಿಣಿ ಕಡೆ ಓದಿಸಿ ನೀವ ಕೇಳ್ರಲಾ" ಎಂದಿದ್ದರು. ಅದು ಬರೀ ಚೇಷ್ಟೆ ಎಂದುಕೊಂಡು ನಾನು ಮರೆತೇಬಿಟ್ಟೆ.

ಆಗ ಮೌಲಾಸಾಬರಿಗೊಂದು ಸಂಕಟ ಬಂತು. ಆಸ್ಪತ್ರೆಯ ನಂಬರುಗಳೆಲ್ಲ ಕಂಪ್ಯೂಟರಿಗೆ ಹೋದವು. ಗುರುವಾರ ಹನ್ನೊಂದಕ್ಕೆ ಮೇಲಧಿಕಾರಿ ಬರುತ್ತಾರೆ, ಅವರೆದುರು ನಂಬರು ಹುಡುಕಿ ಹೇಳಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಆ ಕುರ್ಚಿಗೆ ಕಣ್ಣಿದ್ದವರು ಬರುತ್ತಾರೆ. ಓದುಗಿಣಿಯೋ, ಫೋನ್ ನಂಬರು ಕಂಡರೆ ಲಕ್ಷ, ಸಾವಿರ ಎಂದು ಓದುತ್ತಿತ್ತು. ಒಂದೊಂದೇ ಅಂಕಿಯಾಗಿ ಓದುವಂತೆ ತಿದ್ದಲು ನೀಲಗಂಗಾ ಕೂತರು.

ಬುಧವಾರ ಮಧ್ಯಾಹ್ನ ಜ್ವರದಿಂದ ನರಳುತ್ತಿದ್ದ ಅವರ ತಾಯಿ ಪಕ್ಕದ ಕೋಣೆಯಲ್ಲಿ ಆಗತಾನೆ ನಿದ್ದೆ ಹೋಗಿದ್ದರು. ಪರೀಕ್ಷೆ ಮಾಡಿದಷ್ಟು ಸಲವೂ ಓದುಗಿಣಿ ಕೂಗುತ್ತದಲ್ಲ! ಅದಕ್ಕೆ ಧ್ವನಿ ಬಂದ್ ಮಾಡುವ ಒಂದು ಸಾಲು ಬರೆದರು. ಓದುತ್ತಿರುವ ಪದ ಪರದೆಯಲ್ಲಿ ಹಳದಿಯಾಗುತ್ತದೆ. ಹಳದಿ ಬಣ್ಣ ಅಂಕಿಯಿಂದ ಅಂಕಿಗೆ ಜಿಗಿಯುತ್ತ ಕೊನೆಯವರೆಗೂ ಸರಿಯಾಗಿ ಹೋಯಿತು. ನೀಲಗಂಗಾ ಖುಷಿಯಾಗಿ ಅದನ್ನೇ ಎಲ್ಲರಿಗೂ ಬಿಡುಗಡೆ ಮಾಡಿದರು.

ಮರುದಿನ ಒಂಬತ್ತಕ್ಕೆ ಫೋನು. "ಅಕ್ಕಾರ, ಗಿಣಿ ಮೂಕಾಗೇತ್ರಿ! ಒಂದು ಅಕ್ಷರ ಮಾತಾಡವಲ್ದು. ನಾ ಏನ್ ಮಾಡ್ಲಿ?"

ನೀಲಗಂಗಾ ಹೊಸದಾಗಿ ಬರೆದ ಅಂಕಿಗಳ ಭಾಗವನ್ನೇ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಜಾಲಾಡಿದರು. ಒಂಬತ್ತೂವರೆ ಆಯಿತು, ಹತ್ತಾಯಿತು. ಅವಸರಕ್ಕೆ ಒಂದು ಗುಂಡಿಯ ಬದಲು ಇನ್ನೊಂದನ್ನು ಒತ್ತುತ್ತಿದ್ದರು. ಆ ಹಾಳು ಸಾಲು ನನ್ನ ಮೇಲಿಂದಲೇ ಹೋಗಿತ್ತು, ನನಗೆ ಗೊತ್ತಿತ್ತು. ಆದರೆ ನನಗೆಲ್ಲಿಯ ಬಾಯಿ? ನಾಚಿಕೆಯಿಂದ ಸಾಯುವಂತಾಯಿತು.

ಹತ್ತೂ ಇಪ್ಪತ್ತಕ್ಕೆ ಮತ್ತೆ ಫೋನು. ನೀಲಗಂಗಾ ಸ್ಪೀಕರ್ ಹಾಕಿ ನನ್ನ ಪಕ್ಕದಲ್ಲಿಟ್ಟರು.

"ಅಕ್ಕಾರ, ಹಳೇ ಗಿಣಿ ಹಾಕ್ಕೊಂಡು ಹೊಸಾದರ ಕೋಡ್ ಪೂರಾ ಓದಿಸಿ ಕೇಳಿದ್ನಿರಿ. ಇನ್ನೂರಾ ಹನ್ನೊಂದನೇ ಸಾಲಿನ್ಯಾಗ ನೀವು ಧ್ವನಿ ಬಂದ್ ಮಾಡಿ ಮರತೀರಿ. ಅಳಸೀನಿ. ಈಗ ಮಾತಾಡಾಕತ್ತೈತಿ." ಆಮೇಲೆ ಅಳುಕುತ್ತ ಕೇಳಿದರು: "ನಾ ಅಳಸಬಹುದಿತ್ತಲ್ರಿ?"

"ಛಲೋ ಮಾಡಿದ್ರಿ ಮೌಲಾಸಾಬ್ರ" ಎಂದಷ್ಟೇ ನೀಲಗಂಗಾ ಹೇಳಿದರು. ಟಪ್ಪನೆ ಎರಡು ಹನಿ ನನ್ನ ಉದ್ದ ಗುಂಡಿಯ ಮೇಲೆ ಬಿದ್ದವು. ಹನ್ನೊಂದಕ್ಕೆ ಅಧಿಕಾರಿ ಕೇಳಿದ ಹತ್ತೂ ನಂಬರುಗಳನ್ನು ಮೌಲಾಸಾಬರು ಹೇಳಿದರಂತೆ. ಕೆಲಸ ಉಳಿಯಿತು.

ಇಷ್ಟಕ್ಕೆ ನನ್ನ ಗಾಬರಿ ಮುಗಿಯಲಿಲ್ಲ. ಸಂಜೆ ನೀಲಗಂಗಾ ಲೋಕವೆಲ್ಲ ಓದುವ ಜಾಗದಲ್ಲಿ ಹೀಗೆ ಬರೆದರು: "ತಪ್ಪು ನನ್ನದು. ಕಿವಿಗಾಗಿ ಮಾಡಿದ್ದನ್ನು ಕಣ್ಣಿನಿಂದ ಪರೀಕ್ಷಿಸಿದೆ. ಸರಿಪಡಿಸಿದವರು ಮೌಲಾಸಾಬ ಬಾಗವಾನ, ಗದಗ." ತನ್ನ ತಪ್ಪಿಗೆ ತಾನೇ ಡಂಗುರ ಹೊಡೆಯುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಲ್ಲಿಂದ ಹದಿನಾಲ್ಕು ವರ್ಷ ಇಬ್ಬರೂ ಕೂಡಿಯೇ ಓದುಗಿಣಿಯನ್ನು ನೋಡಿಕೊಂಡರು. ನನ್ನ ಗುಂಡಿಗಳ ಮೇಲಿನ ಅಕ್ಷರಗಳೆಲ್ಲ ಸವೆದುಹೋದವು. ನೀಲಗಂಗಾ ನಿವೃತ್ತರಾದರು. ತಮ್ಮ ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ ವಾರ ಮೌಲಾಸಾಬರನ್ನು ಧಾರವಾಡಕ್ಕೆ ಕರೆಸಿ, ಓದುಗಿಣಿಯ ಪೂರ್ತಿ ಜವಾಬ್ದಾರಿ ಒಪ್ಪಿಸಿ, ನನ್ನನ್ನೂ ಅವರ ಮಡಿಲಿಗಿಟ್ಟರು. ಹೀಗೆ ನಾನು ಗದಗಿಗೆ ಬಂದೆ.

ಈಗ ನಾನು ಮುದಿ. ಮೂರು ಗುಂಡಿ ಅಂಟಿಕೊಳ್ಳುತ್ತವೆ. ಇನ್ನು ಬೆಚ್ಚುವಂಥದ್ದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಹೋದ ತಿಂಗಳು ಧಾರವಾಡದಿಂದ ಫೋನು ಬಂತು.

"ಮೌಲಾಸಾಬ್ರ, ನಿಮ್ಮ ಗಿಣಿ ಉದ್ದನೇ ವಾಕ್ಯ ಬಂದ್ರ ಕೊನೀ ಶಬ್ದ ನುಂಗತೈತ್ರಿ. ಪೇಪರ್ ಕೇಳಾಕ ಕುಂತ್ರ ಬ್ಯಾಸರಾಗತೈತಿ."

ನಾನು ಕಕ್ಕಾಬಿಕ್ಕಿಯಾದೆ. ಮೌಲಾಸಾಬರ ಬೆರಳುಗಳೂ ನನ್ನ ಮೇಲೆ ಹಾಗೇ ನಿಂತುಬಿಟ್ಟವು. ಫೋನಿನ ಕಡೆ ಬಾಗಿ, "ಅಕ್ಕಾರ, ಪೂರಾ ಹೋದುವೇನ್ರಿ ಕಣ್ಣು?" ಎಂದರು.

"ಹೋದುವ್ರಿ. ಅದ ಇರ್ಲಿ, ಆ ಶಬ್ದದ್ದು ನೋಡ್ರಿ."

"ಉದ್ದನೇ ವಾಕ್ಯ ಓದಿಸೋ ಆ ಸಾಲು ನೀವ ಬರದದ್ದ್ರಿ, ಅಕ್ಕಾರ. ನಾ ಪೇಪರ್ ಕೇಳಾಂವಲ್ಲ, ನನಗ ಗೊತ್ತಾಗ್ಲಿಲ್ಲ."

"ಬರಿಯೋವಾಗ ನನಗ ಕಣ್ಣಿದ್ದುವಲ್ರಿ, ಮೌಲಾಸಾಬ್ರ. ಕೊನೀತನಕಾ ಯಾವತ್ತೂ ಕೂತು ಕೇಳೇ ಇಲ್ಲ."

ಮೌಲಾಸಾಬರು ಅಂದೇ ತಿದ್ದಿದರು. ತಪ್ಪು ಹಿಡಿದವರ ಹೆಸರನ್ನೂ ತಿದ್ದುಪಡಿಯ ಕೆಳಗೆ ಬರೆಯುವುದು ಈ ಜನರ ಪದ್ಧತಿ. ಮೌಲಾಸಾಬರು ನಿಧಾನವಾಗಿ, ಒಂದೊಂದೇ ಗುಂಡಿಯನ್ನು ತಡವಿ ಒತ್ತಿದರು: "ತಿಳಿಸಿದವರು, ನೀಲಗಂಗಾ ಹೂಗಾರ, ಓದುಗಿಣಿ ಕೇಳುವವರು."